ಮುಂದಿನ ಗಾಡಿಗೆ ಬಿಟ್ಟ ಜಾಗ

ಗಾಡಿ ಪಲ್ಟಿ ಹೊಡೆಯಬಹುದಿತ್ತು. ಇದು ಯಾರಿಗಾದರೂ ಹೊಳೆಯುವಂಥದ್ದು, ಮೊದಲೇ ಹೇಳಿ ಮುಗಿಸುತ್ತೇನೆ. ಮರಳುದಿಣ್ಣೆಯನ್ನು ಅಡ್ಡಡ್ಡ ಹತ್ತಿದರೆ ಕೆಳಗಿನ ಚಕ್ರ ಹೂತುಕೊಂಡು, ಮೇಲಿನ ಚಕ್ರ ಎದ್ದು, ಗಾಡಿ ದೋಸೆ ಮಗುಚಿದ ಹಾಗೆ ಮಗುಚುತ್ತದಂತೆ. ಗಾಳಿ ಇಳಿಸಿದ ಟೈರು ರಿಮ್ಮಿನಿಂದ ಕಳಚಿ ಬರಬಹುದಿತ್ತು. ಹೂತ ಗಾಡಿಯನ್ನು ಎಳೆಯುವಾಗ ಹಗ್ಗ ತುಂಡಾಗಿ, ಅದರ ತುದಿಯ ಕಬ್ಬಿಣದ ಕೊಂಡಿ ಹಾರಿಬಂದು ಯಾರದಾದರೂ ಹಣೆ ಒಡೆಯಬಹುದಿತ್ತು. ರೇಡಿಯೇಟರ್ ಕುದಿಯಬಹುದಿತ್ತು. ಕಾಲವಲ್ಲದ ಕಾಲದಲ್ಲಿ ಮಳೆ ಬಿದ್ದು ಚಲ್ಬಿ ಮರುಭೂಮಿಯ ಒಣ ಬಯಲೆಲ್ಲ ಹಿಟ್ಟು ಕಲಸಿದಂತಾಗಿ ನಾವು ಅದರ ಮಧ್ಯೆ ಉಳಿದುಬಿಡಬಹುದಿತ್ತು. ಒಂಟೆಗೆ ಡಿಕ್ಕಿ ಹೊಡೆಯಬಹುದಿತ್ತು, ಆಮೇಲೆ ಒಂಟೆಯ ಯಜಮಾನ ಬರಬಹುದಿತ್ತು. ಬೂಟಿನೊಳಗೆ ಚೇಳು. ಸ್ಯಾಟಲೈಟ್ ಫೋನು ಸತ್ತುಹೋಗುವುದು. ನೀರು ಮುಗಿಯುವುದು. ಅಥವಾ ನೀರು ಮುಗಿಯದೆ, ಯಾರೋ ನೀರಿನ ಕ್ಯಾನಿಗೆ ಡೀಸೆಲ್ ಸುರಿದಿರುವುದು. ಈ ಕೊನೆಯದು ನನ್ನ ಸ್ವಂತ ಆವಿಷ್ಕಾರ. ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇದೆ.

ಇಷ್ಟನ್ನೂ ಹೊರಡುವ ಹಿಂದಿನ ದಿನ ಊಟದ ಮೇಜಿನಲ್ಲಿ ಹೇಳಿದಾಗ ನನ್ನ ಹೆಂಡತಿ ಸಾರು ಬಡಿಸುತ್ತಾ, "ನಿಮ್ಮ ಆಫೀಸಿನವರು ಸರಿಯಾದ ಮನುಷ್ಯನಿಗೇ ಕೆಲಸ ಕೊಟ್ಟಿದ್ದಾರೆ ಬಿಡಿ," ಅಂದಳು.

ಅದು ನಿಜ. ಅಪ್ಪರ್ ಹಿಲ್‌ನ ಒಂದು ಕಟ್ಟಡದಲ್ಲಿ, ಆರೋಗ್ಯದ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ, ಗಾಡಿಗಳನ್ನೂ ಸಿಬ್ಬಂದಿಯ ಪ್ರಯಾಣದ ಸುರಕ್ಷತೆಯನ್ನೂ ನೋಡಿಕೊಳ್ಳುವುದು ನನ್ನ ಉದ್ಯೋಗ. ಮೈಸೂರಿನಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದ ಚಿಂತೆಗೆ ನೈರೋಬಿಯಲ್ಲಿ ಸಂಬಳ ಕೊಡುತ್ತಾರೆ. ಆದರೆ ಆ ಸಲದ ಚಿಂತೆಗೆ ಒಂದು ಮುಖವಿತ್ತು, ಹೆಸರಿತ್ತು. ನಾವೆಲ್ಲ ಅವರನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದೆವು.

ಡಾಕ್ಟ್ರು ಉಡುಪಿ ಕಡೆಯವರು, ನನಗಿಂತ ಹಿರಿಯರು. ಮದುವೆಯಾಗಿ ಬಂದಾಗಿನಿಂದ ನೈರೋಬಿಯಲ್ಲೇ ಇದ್ದಾರೆ, ಪಂಗಾನಿಯಲ್ಲಿ ಮನೆ. ಉತ್ತರದಲ್ಲಿ, ಚಲ್ಬಿ ಮರುಭೂಮಿಯ ಅಂಚಿನ ಒಂದು ಹಳ್ಳಿಯಲ್ಲಿ ನಮ್ಮ ಸಂಸ್ಥೆಯ ಬಸುರಿಯರ ಕ್ಲಿನಿಕ್ ಇದೆ. ವಾರಕ್ಕೊಮ್ಮೆ ಡಾಕ್ಟರ್ ಅಲ್ಲಿಗೆ ಹೋಗಬೇಕು. ಮಾರ್ಸಬಿಟ್ ಪಟ್ಟಣದವರೆಗೆ ರಸ್ತೆಯಿದೆ, ಅಲ್ಲಿಂದಾಚೆ ರಸ್ತೆಯಿಲ್ಲ, ಮರಳುದಿಣ್ಣೆಗಳಿವೆ. ಖರ್ಚು ಕಡಿತ ಬಂದಾಗ ಆ ಕಡೆಯ ಡ್ರೈವರುಗಳ ಕೆಲಸ ಮೊದಲು ಹೋಯಿತು. ಇನ್ನು ಮೇಲೆ ಹೋಗುವವರು ತಾವೇ ಓಡಿಸಿಕೊಂಡು ಹೋಗಬೇಕು. ಮುಂದೆ ಅಲ್ಲಿಯ ನರ್ಸಿನ ಮದ್ದಿನ ಗಾಡಿ, ಹಿಂದೆ ಡಾಕ್ಟರ ಗಾಡಿ. ಬೇರೆ ಯಾವ ಡಾಕ್ಟರೂ ಒಪ್ಪಲಿಲ್ಲ. ಇವರೊಬ್ಬರು ಒಪ್ಪಿದರು. ಮರಳಿನಲ್ಲಿ ಓಡಿಸಲು ಇವರು ಸಮರ್ಥರು ಎಂದು ನಾನು ಹೇಳಿದರೆ ಕ್ಲಿನಿಕ್ ಉಳಿಯುತ್ತದೆ, ಇಲ್ಲವೆಂದರೆ ಮುಚ್ಚುತ್ತದೆ. ಹೌದು ಎಂದು ಹೇಳಿ, ಆಮೇಲೆ ಏನಾದರೂ ಆದರೆ? ಅದೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು.

"ನೀವು ಹೀಗೆ ಮುಖ ಮಾಡ್ಬೇಡಿ ಮಾರಾಯ್ರೆ," ಎಂದಿದ್ದರು ಡಾಕ್ಟ್ರು. "ಬಸುರಿ ಹೆಂಗಸ್ರು ಸಹ ಇಷ್ಟು ಹೆದರುದಿಲ್ಲ."

ಹೀಗೆ ನಾಲ್ಕು ಗಾಡಿಗಳು ಉತ್ತರಕ್ಕೆ ಹೊರಟವು. ಮುಂದೆ ನಮ್ಮ ಟ್ರೈನರ್. ಕೆನ್ಯಾದವಳೇ, ಹಿಂದೆ ರ‍್ಯಾಲಿ ಕಾರುಗಳಲ್ಲಿ ಡ್ರೈವರ್ ಪಕ್ಕ ಕೂತು ದಾರಿ ಹೇಳುತ್ತಿದ್ದವಳು. ಇಂದಿಗೂ ಮಾತು ಕಿರುಚಿದಂತೆಯೇ ಬರುತ್ತದೆ. ಅವಳ ಹಿಂದೆ ಬೆಂಗಳೂರಿನ ಅಕೌಂಟೆಂಟ್ ಹುಡುಗ. ಅವನಿಗೂ ಉತ್ತರದ ಆಫೀಸುಗಳ ಲೆಕ್ಕ ತಪಾಸಣೆಗೆ ಹೋಗಬೇಕಾಗಿತ್ತು. ಅವನ ಹಿಂದೆ ಡಾಕ್ಟ್ರು. ಕೊನೆಯಲ್ಲಿ ನಾನು. ನಾನೂ ಕಲಿಯಬೇಕೆಂದು ಡೈರೆಕ್ಟರ್ ಅಪ್ಪಣೆ. ಈಜು ಬಾರದವನು ಈಜಿನ ಮೇಷ್ಟರಿಗೆ ಪ್ರಮಾಣಪತ್ರ ಕೊಡಬಾರದಲ್ಲ.

ಮಾರ್ಸಬಿಟ್ ದಾಟಿ, ಕಲ್ಲುಬಯಲು ದಾಟಿ, ಮರಳು ಸಿಕ್ಕಿದ ಬೆಳಿಗ್ಗೆ ಮೊದಲ ಪಾಠ ಟೈರಿನದು. ಗಾಳಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಕು. ಟೈರು ಚಪ್ಪಟೆಯಾಗಿ, ಒಂಟೆಯ ಪಾದದ ಹಾಗೆ ಹರಡಿಕೊಂಡರೆ ಮರಳಿನ ಮೇಲೆ ತೇಲುತ್ತದೆ. ಗಟ್ಟಿ ಟೈರು ಚಾಕುವಿನಂತೆ ಒಳಗೆ ಇಳಿಯುತ್ತದೆ. ವಾಲ್ವ್ ತಿರುಗಿಸಿ ಗಾಳಿ ಬಿಡುತ್ತಾ ಕೂತಾಗ, ಆ ಸೀಟಿ ಕೇಳುತ್ತಾ ಒಂದೊಂದು ಟೈರಿಗೂ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಡ್ರೈವರುಗಳಿಗೆ ಬೈಯುವುದೇ ನನ್ನ ಇಷ್ಟು ವರ್ಷದ ಸೇವೆ.

ಆಮೇಲಿನ ಪಾಠಗಳು ಸರಳ, ಕೇಳುವುದಕ್ಕೆ. ದಿಣ್ಣೆಯನ್ನು ನೇರಕ್ಕೆ ಹತ್ತಬೇಕು, ನೇರಕ್ಕೆ ಇಳಿಯಬೇಕು. ವೇಗವನ್ನು ಬುಡದಲ್ಲೇ ಪಡೆಯಬೇಕು, ನಡುವೆ ಅಲ್ಲ. ನೆತ್ತಿ ಹತ್ತಿರ ಬಂದಾಗ ಕಾಲು ಸಡಿಲ ಬಿಡಬೇಕು. ಬೇಗ ಬಿಟ್ಟರೆ ಗಾಡಿ ನೆತ್ತಿಯ ಮೇಲೆ ಹೊಟ್ಟೆ ಊರಿ ಕೂರುತ್ತದೆ, ತಡವಾಗಿ ಬಿಟ್ಟರೆ ಆಚೆ ಹಾರುತ್ತದೆ. ಹತ್ತಲಾಗದಿದ್ದರೆ ಒದ್ದಾಡಬಾರದು, ರಿವರ್ಸ್ ಹಾಕಿ ಬಂದ ಗುರುತಿನಲ್ಲೇ ನೇರ ಹಿಂದೆ ಇಳಿಯಬೇಕು. ಎಲ್ಲಕ್ಕಿಂತ ಮುಖ್ಯ, ದಿಣ್ಣೆಯ ಮೇಲೆ ಒಂದು ಸಲಕ್ಕೆ ಒಂದೇ ಗಾಡಿ. ಮುಂದಿನವರು ಆಚೆ ಇಳಿದು ರೇಡಿಯೋದಲ್ಲಿ "ಕ್ಲಿಯರ್" ಅನ್ನುವವರೆಗೆ ಹಿಂದಿನವರು ಬುಡದಿಂದ ದೂರ ನಿಂತಿರಬೇಕು. ನೆತ್ತಿಯ ಆಚೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ.

"ಸವಾ?" ಎಂದಳು ಟ್ರೈನರ್. ಸರಿ ತಾನೇ?

"ಸವಾ, ಸವಾ," ಅಂದೆವು ಮೂವರೂ. ಮೂರು ಡಿಗ್ರಿಗಳು, ಮೂರು ಲೈಸೆನ್ಸುಗಳು, ಶಾಲಾ ಮಕ್ಕಳಂತೆ.

ಸಣ್ಣ ದಿಣ್ಣೆಗಳು ಚೆನ್ನಾಗಿಯೇ ಆದವು. ಎಷ್ಟು ಚೆನ್ನಾಗಿ ಎಂದರೆ ನನಗೆ ಭಯ ಶುರುವಾಯಿತು. ದೊಡ್ಡ ದಿಣ್ಣೆ ಬಂತು. ಟ್ರೈನರ್ ದಾಟಿ ಮಾಯವಾದಳು. ಅಕೌಂಟೆಂಟ್ ಹತ್ತಿದ. ನೆತ್ತಿಯಲ್ಲಿ ಬಾನೆಟ್ಟಿನ ಆಚೆ ಬರೀ ಆಕಾಶ ಕಂಡು ಹೆದರಿ ಕಾಲು ತೆಗೆದನಂತೆ. ಅವನ ಗಾಡಿ ನೆತ್ತಿಯಿಂದ ಒಂದಿಷ್ಟು ಆಚೆಗೆ, ಹೊಟ್ಟೆ ಊರಿ ಕೂತುಬಿಟ್ಟಿತು. ಕೆಳಗಿನಿಂದ ನೋಡುವವರಿಗೆ ಅವನು ದಾಟಿ ಹೋದಂತೆಯೇ. ಡಾಕ್ಟ್ರು ಅವನ ಬೆನ್ನಿಗೇ ಹತ್ತುತ್ತಿದ್ದರು. ಯಾರೂ ಕ್ಲಿಯರ್ ಅಂದಿರಲಿಲ್ಲ.

ನೆತ್ತಿಯ ಹತ್ತಿರ ಅವರ ಬ್ರೇಕ್ ಲೈಟು ಹತ್ತಿದ್ದು ಕಂಡಿತು. ರೇಡಿಯೋದಲ್ಲಿ ಹುಡುಗನ ಧ್ವನಿ: "ಡಾಕ್ಟ್ರೇ ಬರ್ಬೇಡಿ, ಬರ್ಬೇಡಿ, ಇಲ್ಲೇ ಇದೀನಿ!"

ಅವನಿಗೆ ತಗುಲುವ ಮೊದಲು ಅವರು ನಿಂತಿದ್ದರು. ಇನ್ನು ಅವರು ರಿವರ್ಸ್ ಹಾಕಿ ನೇರ ಹಿಂದಕ್ಕೆ ಇಳಿಯಬೇಕಿತ್ತು, ಪಾಠದಲ್ಲಿ ಇದ್ದಂತೆ. ಇಳಿಯಲು ಜಾಗ ಇರಲಿಲ್ಲ. ಅಲ್ಲಿ ನಾನಿದ್ದೆ. ಸುರಕ್ಷತಾ ಅಧಿಕಾರಿ. ಇಳಿಜಾರಿನ ಅರ್ಧದಲ್ಲಿ, ಡಾಕ್ಟರ ಗಾಡಿಯ ಬಾಲಕ್ಕೆ ಅಂಟಿಕೊಂಡು.

ಅವರ ಗಾಡಿ ಕೆಳಗೆ ಜಾರತೊಡಗಿತು. ಮೊದಲು ನೇರವಾಗಿ, ಆಮೇಲೆ ಹಿಂಭಾಗ ನಿಧಾನಕ್ಕೆ ಎಡಕ್ಕೆ ತಿರುಗುತ್ತಾ. ಅಡ್ಡ ಆದರೆ ಮುಗಿಯಿತು, ಮೊದಲೇ ಹೇಳಿದೆನಲ್ಲ, ದೋಸೆ. ನನ್ನ ಕಾಲು ಬ್ರೇಕಿನ ಮೇಲೆ ಕಲ್ಲಾಗಿತ್ತು.

"ನೀವು ಮೊದ್ಲು ಇಳೀರಿ," ಎಂದಿತು ರೇಡಿಯೋ. ಡಾಕ್ಟರ ಧ್ವನಿ, ನಾಡಿ ನೋಡುವಾಗಿನದು. "ರಿವರ್ಸ್ ಹಾಕಿ. ಸ್ಟೇರಿಂಗ್ ತಿರುಗಿಸ್ಬೇಡಿ. ಬ್ರೇಕ್ ಬಿಡಿ. ಬಿಡಿ ಮಾರಾಯ್ರೆ, ಬಿಡಿ."

"ಇಂಗ್ಲಿಷ್! ಇಂಗ್ಲಿಷ್ ಪ್ಲೀಸ್! ಅಲ್ಲಿ ಏನಾಗ್ತಿದೆ?" ಎಂದು ಆಚೆಯಿಂದ ಟ್ರೈನರ್ ಕಿರುಚುತ್ತಿದ್ದಳು.

ಬಿಟ್ಟೆ. ಗಾಡಿ ತನ್ನದೇ ಗುರುತಿನಲ್ಲಿ ಹಿಂದಕ್ಕೆ ಇಳಿದು ಬುಡದಲ್ಲಿ ನಿಂತಿತು. ಜಾಗ ಸಿಕ್ಕ ಕೂಡಲೆ ಡಾಕ್ಟ್ರೂ ಬ್ರೇಕ್ ಬಿಟ್ಟರು. ವಾರೆಯಾಗಿದ್ದ ಗಾಡಿ ನೆಟ್ಟಗಾಗಿ ಇಳಿದು ಬಂತು.

ಹುಡುಗನ ಗಾಡಿಯ ಹೊಟ್ಟೆಯಡಿಯ ಮರಳನ್ನು ಸಲಿಕೆಯಿಂದ ತೆಗೆದು, ಚಕ್ರದ ಕೆಳಗೆ ಹಲಗೆ ಕೊಟ್ಟು, ಹಗ್ಗ ಕಟ್ಟಿ ಎಳೆದು ಬಿಡಿಸುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಹಗ್ಗ ತುಂಡಾಗಲಿಲ್ಲ. ತುಂಡಾದರೆ ಎಂದು ನಾನು ಅಷ್ಟು ದೂರ ನಿಂತಿದ್ದೆ, ಆಮೇಲೆ ನನ್ನನ್ನು ಕೂಗಿ ಕರೆಯಬೇಕಾಯಿತು.

ಗಾಡಿಯ ನೆರಳಿನಲ್ಲಿ ನಮ್ಮನ್ನು ಕೂರಿಸಿ ಟ್ರೈನರ್ ಸೊಂಟದ ಮೇಲೆ ಕೈಯಿಟ್ಟಳು.

"ಯಾಕೆ ಅಷ್ಟು ಹತ್ತಿರ ಹೋಗ್ತಿದ್ರಿ? ಮೂವರೂ?"

ಹುಡುಗ, "ಜಾಗ ಬಿಟ್ರೆ ಮಧ್ಯ ಯಾರಾದ್ರೂ ನುಗ್ತಾರಲ್ಲಾ ಮೇಡಂ," ಅಂದ.

ಟ್ರೈನರ್ ಸುತ್ತ ನೋಡಿದಳು. ನಾವೂ ನೋಡಿದೆವು. ದಿಗಂತದಿಂದ ದಿಗಂತಕ್ಕೆ ಮರಳು. ಬಹಳ ದೂರದಲ್ಲಿ ಮೂರು ಒಂಟೆಗಳು, ನಮ್ಮ ಕಡೆ ಬೆನ್ನು ಹಾಕಿ.

"ಯಾರು?" ಎಂದಳು. "ಯಾರು ನುಗ್ತಾರೆ?"

ಡಾಕ್ಟ್ರಿಗೆ ನಗು ತಡೆಯಲಾಗಲಿಲ್ಲ. ನನಗೂ. ಆದರೆ ನಗು ನಿಂತ ಮೇಲೆ ನಾನು ನನ್ನ ಬಲಗಾಲನ್ನೇ ನೋಡಿದೆ. ನೈರೋಬಿಯಲ್ಲಿ ಇಷ್ಟು ವರ್ಷ ಓಡಿಸಿದವರಿಗೆ ಮುಂದಿನ ಗಾಡಿಯ ಬಂಪರಿಗೂ ನಮ್ಮ ಬಾನೆಟ್ಟಿಗೂ ನಡುವೆ ಒಂದು ಮೊಳ ಜಾಗ ಕಂಡರೆ ಕಾಲು ತಾನಾಗಿ ಒತ್ತುತ್ತದೆ. ಬಿಟ್ಟರೆ ಮಟಾಟು ಎಂಬ ಜನ ತುಂಬಿದ ಖಾಸಗಿ ಮಿನಿಬಸ್ಸು ಬಂದು ಕೂರುತ್ತದೆ. ಇದು ತಲೆಗೆ ಗೊತ್ತಿರುವ ವಿದ್ಯೆಯಲ್ಲ, ತಲೆಗೆ ಹೇಳಿ ಬಿಡಿಸಲು. ಕಾಲಿನದು.

ಮಧ್ಯಾಹ್ನದ ಮೇಲೆ ಅದು ರುಜುವಾತಾಯಿತು. ಎಲ್ಲ ತಿಳಿದ ಮೇಲೂ, ನಕ್ಕ ಮೇಲೂ, ಮತ್ತೆ ಹತ್ತಿದಾಗ ಡಾಕ್ಟ್ರು "ಕ್ಲಿ" ಎಂಬಷ್ಟಕ್ಕೇ ಹೊರಟರು. ಇನ್ನೊಂದು ಸಲ, ಹುಡುಗ ನೆತ್ತಿ ಮುಟ್ಟುವ ಮುಂಚೆಯೇ. ಬೈಸಿಕೊಂಡು ಇಳಿದು ಬಂದು, ಟೋಪಿ ತೆಗೆದು ಬೀಸಿಕೊಳ್ಳುತ್ತಾ, "ನಾನು ಹೋದದ್ದು ನಂಗೇ ಗೊತ್ತಾಗ್ಲಿಲ್ಲ," ಅಂದರು. ಅವರ ಮುಖದಲ್ಲಿ ಆಗ ಮೊದಲ ಸಲ ನನ್ನ ಹೆದರಿಕೆಯ ಮುಖ ಕಂಡಿತು.

"ನಿಮ್ಮ ಮನಸ್ಸಲ್ಲಿ ಏನುಂಟು ಹೇಳಿ," ಅಂದರು. "ಬೇಡ ಅಂತ ಬರೀತೀರಾ?"

"ಇನ್ನೂ ಏನೂ ಯೋಚನೆ ಮಾಡಿಲ್ಲ ಡಾಕ್ಟ್ರೇ."

"ಸುಳ್ಳು ಹೇಳ್ಬೇಡಿ. ನೀವು ಯೋಚನೆ ಮಾಡದ ವಿಷಯ ಉಂಟಾ?" ಟೋಪಿ ಮತ್ತೆ ಹಾಕಿಕೊಂಡರು. "ಆ ಕ್ಲಿನಿಕ್ಕಿಗೆ ಬರುವವ್ರು ಎರಡು ದಿವಸ ನಡೀತಾರೆ. ಅದನ್ನು ಹೇಳಿ ನಿಮ್ಮನ್ನು ಕಟ್ಟಿಹಾಕುದು ಸರಿಯಲ್ಲ, ಗೊತ್ತುಂಟು. ಆದ್ರೂ ಹೇಳಿದೆ."

ಸಂಜೆ ಡೈರೆಕ್ಟರ್ ಸ್ಯಾಟಲೈಟ್ ಫೋನಿಗೆ ಬಂದರು. ಫೋನು ಸತ್ತಿರಲಿಲ್ಲ, ಆ ಹೊತ್ತಿಗೆ ಸತ್ತಿದ್ದರೆ ಒಳ್ಳೆಯದಿತ್ತು. ಮರುದಿನ ನಾವು ಯೋಜನೆಯ ಪ್ರಕಾರ ಕ್ಲಿನಿಕ್ಕಿನವರೆಗೆ ಪೂರ್ತಿ ದಾರಿ ಓಡಿಸಿ ನೋಡಬೇಕಿತ್ತು. ಆಗುತ್ತದೋ ಇಲ್ಲವೋ, ಒಂದು ಮಾತು ಹೇಳಿ ಎಂದರು. ಇಲ್ಲ ಎನ್ನುವುದು ನನಗೆ ಸುಲಭ. ನನ್ನ ನಾಲಿಗೆಗೆ ಹುಟ್ಟಿನಿಂದ ಅಭ್ಯಾಸವಾದ ಪದ. ಬಾಯಿ ತೆರೆದೆ. "ನಾಳೆ ದಾರಿ ಬೇಡ ಸರ್. ನಾಳೆ ಒಂದೇ ದಿಣ್ಣೆ, ದಿನವಿಡೀ. ಆಮೇಲೆ ಹೇಳ್ತೀನಿ," ಅಂದೆ. ಯಾಕೆ ಹಾಗೆ ಅಂದೆನೋ, ಹೇಳಿದ ಮೇಲೆ ಯೋಚಿಸಿದೆ.

ಯೋಚಿಸಿದ್ದು ಇಷ್ಟು: ಕಾಲು ಪೆಡಲಿನ ಮೇಲೆ ಇದ್ದರೆ ತಾನೇ ಒತ್ತುವುದು? ಬೆಳಿಗ್ಗೆ ಹೊಸ ನಿಯಮ ಹೇಳಿದೆ. ಬುಡದಲ್ಲಿ ಕಾಯುವವರು ಇಂಜಿನ್ ಆರಿಸಬೇಕು, ಕೆಳಗಿಳಿದು ಗಾಡಿಯ ಹೊರಗೆ ನಿಲ್ಲಬೇಕು. ದಾಟಿದವರು ಆಚೆ ಗಾಡಿ ನಿಲ್ಲಿಸಿ, ನಡೆದು ನೆತ್ತಿಗೆ ವಾಪಸು ಬಂದು, ತಮ್ಮ ಇಡೀ ಆಕೃತಿ ತೋರಿಸಿ ಕೈ ಎತ್ತಬೇಕು. ಮನುಷ್ಯ ಕಂಡ ಮೇಲೆ ಹತ್ತಿ ಕೂರುವುದು, ಬೆಲ್ಟ್ ಹಾಕುವುದು, ಇಂಜಿನ್ ಹಚ್ಚುವುದು.

ಟ್ರೈನರ್ ನನ್ನ ಕಡೆ ತಿರುಗಿದಳು. "ಮ್ಜೇ," ಅಂದಳು. ಹಿರಿಯರೇ ಎಂಬ ಮರ್ಯಾದೆಯ ಮಾತು, ಆದರೆ ಅವಳ ಬಾಯಲ್ಲಿ ಮರ್ಯಾದೆ ಕಡಿಮೆ. "ಪ್ರಪಂಚದಲ್ಲಿ ಯಾರೂ ಹೀಗೆ ಮರಳು ದಾಟೋದಿಲ್ಲ. ಇದು ಡ್ರೈವಿಂಗ್ ಅಲ್ಲ, ಪಿಕ್ನಿಕ್."

"ಪೋಲೆ ಪೋಲೆ," ಅಂದೆ. ನಿಧಾನ, ನಿಧಾನ. ಅವಳೇ ಕಲಿಸಿದ ಮಾತು.

ಪಿಕ್ನಿಕ್ಕಿನಂತೆ ಇರಲಿಲ್ಲ. ಸುಡುವ ಮರಳಿನಲ್ಲಿ ಹತ್ತಿ ಇಳಿದು, ಪ್ರತಿ ಸುತ್ತಿಗೂ ಶೂ ಕಳಚಿ ಮರಳು ಸುರಿದೆವು. ಹುಡುಗ "ಸಾರ್, ಇದಕ್ಕಿಂತ ಕ್ಲಿನಿಕ್ಕಿಗೆ ನಡ್ಕೊಂಡೇ ಹೋಗ್ಬೋದಿತ್ತು ಸಾರ್," ಎನ್ನುತ್ತಾ ಸಿಮೆಂಟ್ ಚೀಲದಂತೆ ತನ್ನನ್ನು ತಾನೇ ಹೊತ್ತುಕೊಂಡು ಬಂದ. ಮಧ್ಯೆ ನನ್ನ ಗಾಡಿಯ ಟೈರೊಂದು ರಿಮ್ಮಿನಿಂದ ಕಳಚುವುದರಲ್ಲಿತ್ತು, ಟ್ರೈನರ್ ಸಮಯಕ್ಕೆ ನೋಡಿ ಗಾಳಿ ತುಂಬಿದಳು. ಆದರೆ ಒಂದೊಂದು ಸುತ್ತಿಗೂ ಏನೋ ಬದಲಾಗುತ್ತಿತ್ತು. ಡಾಕ್ಟ್ರು ಗಾಡಿಯಿಂದ ಇಳಿದು ಬಾಗಿಲಿಗೆ ಒರಗಿ, ಗಡಿಬಿಡಿಯಿಲ್ಲದೆ ನೆತ್ತಿ ನೋಡುತ್ತಾ ನಿಲ್ಲುತ್ತಿದ್ದರು.

"ನನ್ನ ರೂಮಲ್ಲಿ ಒಂದು ಪೇಷಂಟ್ ಹೊರಗೆ ಹೋಗಿ ಬಾಗಿಲು ಹಾಕುವ ತನಕ ಮುಂದಿನವ್ರಿಗೆ ಬೆಲ್ ಒತ್ತುದಿಲ್ಲ," ಅಂದರು ಒಮ್ಮೆ, ನೀರು ಕುಡಿಯುತ್ತಾ. "ಹೊರಗೆ ಎಷ್ಟೇ ಗಲಾಟೆ ಮಾಡ್ಲಿ. ಅಲ್ಲಿ ಬರ್ತದೆ, ಗಾಡಿಯಲ್ಲಿ ಯಾಕೆ ಬರುದಿಲ್ಲ ನಂಗೆ?"

ಆಮೇಲೆ ಇಳಿಯುವುದನ್ನು ಬಿಟ್ಟು, ಇಂಜಿನ್ ಮಾತ್ರ ಆರಿಸಿ ಕೂತು ಕಾದೆವು. ಕೊನೆಗೆ ಇಂಜಿನ್ ಚಾಲೂ ಇಟ್ಟು, ಕಾಲು ಮಾತ್ರ ಮಡಚಿ. ರೇಡಿಯೋದ ಕ್ಲಿಯರ್ ಕಾಯುವ ಹಳೆಯ ಕ್ರಮಕ್ಕೆ ಮರಳಿದ್ದೆವು.

ಕೊನೆಯ ಸುತ್ತಿಗೆ ಟ್ರೈನರ್ ಸಾಲು ಬದಲಿಸಿದಳು. ತಾನು, ತನ್ನ ಹಿಂದೆ ಡಾಕ್ಟ್ರು, ಆಮೇಲೆ ಹುಡುಗ, ಕೊನೆಗೆ ನಾನು. ಅವಳು ದಾಟಿದಳು. ರೇಡಿಯೋ ಸುಮ್ಮನಿತ್ತು. ನಾವು ಕಾದೆವು. ರೇಡಿಯೋ ಸುಮ್ಮನೇ ಇತ್ತು. ಇಂಜಿನ್ನಿನ ಬಿಸಿಗೆ ಮುಂದಿನ ಗಾಳಿ ನಡುಗುತ್ತಿತ್ತು. ಡಾಕ್ಟ್ರ ಗಾಡಿ ಅಲುಗಲಿಲ್ಲ. ಹುಡುಗ ಹಾರ್ನ್ ಹೊಡೆದ. ಮರುಭೂಮಿಯ ಮಧ್ಯದಲ್ಲಿ, ಸಿಗ್ನಲ್ ಹಸಿರಾದ ತಕ್ಷಣ ಹೊಡೆಯುವ ಹಾಗೆ ಎರಡು ಸಲ. ಡಾಕ್ಟ್ರ ಕಿಟಕಿಯಿಂದ ಒಂದು ಅಂಗೈ ಹೊರಬಂತು: ತಡಿ.

ನಾನು ಆ ಹೊತ್ತಿಗೆ ಟ್ರೈನರನ್ನು ಮನಸ್ಸಿನಲ್ಲೇ ಪಲ್ಟಿ ಹೊಡೆಸಿ, ಅವಳ ಮನೆಯವರಿಗೆ ಸುದ್ದಿ ಮುಟ್ಟಿಸುವ ಮಾತುಗಳನ್ನು ಜೋಡಿಸುತ್ತಿದ್ದೆ. ಆಚೆ ಇಳಿಜಾರಿನಲ್ಲಿ ಗಾಡಿಯಡಿ ಬಿದ್ದಿದ್ದಾಳೆ, ಉಸಿರಾಡುತ್ತಿದ್ದಾಳೆ, ನಾವು ಇಲ್ಲಿ ಪಾಠ ಒಪ್ಪಿಸುತ್ತಾ ಕೂತಿದ್ದೇವೆ. ರೇಡಿಯೋ ತೆಗೆದೆ. "ಡಾಕ್ಟ್ರೇ, ಏನೋ ಆಗಿದೆ. ಹೋಗಿ, ಹೋಗ್ಬಿಡಿ."

"ಏನೋ ಆಗಿದ್ರೆ ನಾನು ಗಾಡಿ ತಕೊಂಡು ಅದ್ರ ಮೇಲೆ ಹೋಗುದಾ?" ಎಂದಿತು ರೇಡಿಯೋ.

ಇಂಜಿನ್ ಆರಿತು. ಬಾಗಿಲು ತೆರೆಯಿತು. ಡಾಕ್ಟ್ರು ಮದ್ದಿನ ಚೀಲ ಹೆಗಲಿಗೆ ಹಾಕಿ, ಕ್ಯಾನ್ವಾಸ್ ಶೂಗಳಲ್ಲಿ, ದಿಣ್ಣೆಯನ್ನು ನೇರಕ್ಕೆ ನಡೆದು ಹತ್ತಿದರು. ಮಧ್ಯದಲ್ಲಿ ಒಮ್ಮೆ ನಿಂತು ಏದುಸಿರು ಬಿಟ್ಟರು. ನೆತ್ತಿಯಲ್ಲಿ ನಿಂತು ಆಚೆ ನೋಡಿದರು. ಆಮೇಲೆ ಸೊಂಟಕ್ಕೆ ಕೈಯಿಟ್ಟರು.

ಟ್ರೈನರ್ ಆಚೆ ಬೇಕೆಂದೇ ಕ್ಲಿಯರ್ ಅನ್ನದೆ, ಬಾನೆಟ್ಟಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳಂತೆ. ಡಾಕ್ಟ್ರನ್ನು ಕಂಡು, ಸಿಪ್ಪೆ ಕೆಳಗಿಟ್ಟು, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದಳಂತೆ. ನನಗೆ ಕಂಡದ್ದು ನೆತ್ತಿಯ ಮೇಲೆ ನಿಂತ ಡಾಕ್ಟರ ಬೆನ್ನು ಮಾತ್ರ.

ಡೈರೆಕ್ಟರಿಗೆ ಹೌದು ಅಂದೆ. ಆ ಎರಡಕ್ಷರ ನನ್ನ ಬಾಯಿಂದ ಬಂದದ್ದನ್ನು ನಂಬದೆ ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹೇಳಿದ ಮೇಲೆ ಮುಳ್ಳು ಕರಗುತ್ತದೆ ಅಂದುಕೊಂಡಿದ್ದೆ. ಕರಗಲಿಲ್ಲ, ಸ್ವಲ್ಪ ಕೆಳಗೆ ಇಳಿಯಿತು ಅಷ್ಟೆ. ಇನ್ನು ಪ್ರತಿ ವಾರ, ಅವರು ಹೊರಟು ತಲುಪುವವರೆಗೆ, ಅದು ಅಲ್ಲಿರುತ್ತದೆ.

ವಾಪಸು ಬರುವಾಗ ನನ್ನ ಗಾಡಿಯನ್ನು ಮಾರ್ಸಬಿಟ್‌ನ ಆಫೀಸಿಗೆ ಬಿಟ್ಟು ಡಾಕ್ಟರ ಪಕ್ಕ ಕೂತೆ. ಟೈರಿಗೆ ಗಾಳಿ ಪೂರ್ತಿ ತುಂಬಿಸಿದ್ದು ನಾನೇ, ಮೂರು ಸಲ ಅಳೆದು. ದಾರಿಯುದ್ದಕ್ಕೂ ಏನೂ ಆಗಲಿಲ್ಲ. ಮಳೆ ಬರಲಿಲ್ಲ, ಒಂಟೆ ಬರಲಿಲ್ಲ, ನೀರಿನ ಕ್ಯಾನಿನಲ್ಲಿ ನೀರೇ ಇತ್ತು. ಥೀಕಾ ರೋಡಿನಲ್ಲಿ ನೈರೋಬಿ ಶುರುವಾಯಿತು, ಆಫೀಸು ಬಿಡುವ ಹೊತ್ತು. ಪಂಗಾನಿಯ ಹತ್ತಿರ ಗಾಡಿಗಳು ಇರುವೆ ಸಾಲಿನಂತೆ ನಿಂತವು. ಮುಂದಿನ ಗಾಡಿ ತುಸು ಸರಿಯಿತು. ಡಾಕ್ಟ್ರು ಸರಿಯಲಿಲ್ಲ. ಎರಡು ಕೈ ಸ್ಟೇರಿಂಗಿನ ಮೇಲೆ, ಕಣ್ಣು ದೂರದಲ್ಲಿ, ಮುಂದಿನವನು ಹೋಗುವುದನ್ನು ನೋಡುತ್ತಾ ಕೂತಿದ್ದರು. ನಡುವೆ ಒಂದು ಗಾಡಿಯ ಜಾಗ. ನನ್ನ ಬಲಗಾಲು, ಯಾವ ಪೆಡಲೂ ಇಲ್ಲದ ನೆಲವನ್ನು ಒತ್ತಿತು. ಹಿಂದಿನಿಂದ ಹಾರ್ನ್.

"ಡಾಕ್ಟ್ರೇ, ಜಾಗ..."

"ನೋಡ್ತಾ ಇದ್ದೇನೆ."

ಮಟಾಟು ಎಡಗಡೆಯಿಂದ ಬಂತು, ಹಾಡು ಹಾಕಿಕೊಂಡು, ಬಾಗಿಲಲ್ಲಿ ಕಂಡಕ್ಟರ್ ನೇತಾಡುತ್ತಾ. ನನ್ನ ಕಿಟಕಿಯ ಪಕ್ಕದ ಕನ್ನಡಿ ಕಟಕ್ ಎಂದಿತು. ಮಟಾಟು ನಮ್ಮ ಮುಂದಿನ ಜಾಗದಲ್ಲಿ ಅಳತೆ ಮಾಡಿಸಿದಂತೆ ಕೂತಿತು.

"ಪೋಲೆ, ಮ್ಜೇ!" ಎಂದು ಕಂಡಕ್ಟರ್ ನನ್ನ ಕಡೆ ಕೈ ಬೀಸಿದ. ಒಂದೇ ಪೋಲೆಗೆ ಅರ್ಥ ಬೇರೆ: ಕ್ಷಮಿಸಿ, ಹಿರಿಯರೇ.

ಡಾಕ್ಟ್ರು ಅವನು ಪೂರ್ತಿ ಮುಂದೆ ಹೋಗಲು ಬಿಟ್ಟು, ಆಮೇಲೆ ಗಾಡಿ ಹೊರಡಿಸಿದರು. ಎಡಗಡೆಯ ಕನ್ನಡಿ ಒಂದು ವಯರಿನಲ್ಲಿ ನೇತಾಡುತ್ತಾ ಬಾಗಿಲಿಗೆ ಟಕಟಕ ಬಡಿಯುತ್ತಿತ್ತು. ಕೈ ಹೊರಗೆ ಚಾಚಿ, ಅವರ ಮನೆಯವರೆಗೂ ಅದನ್ನು ಹಿಡಿದುಕೊಂಡು ಕೂತಿದ್ದೆ.